ಖಾಲಿ ಸಭೆಗೆ ತಲೆಬಾಗಿದವರು

ಮರಳು ಗಡಿಯಾರದ ಮೇಲಿನ ಬುರುಡೆ ಪೂರ್ತಿ ಬರಿದಾದಾಗ ಕಾರ್ಯದರ್ಶಿಗಳು ತಮ್ಮ ಕೈಗಡಿಯಾರವನ್ನು ಕಿವಿಗೆ ಹಿಡಿದರು. ಅದು ನಿಂತುಹೋಗಿರಬಹುದು ಎಂಬ ಆಸೆ ಅವರಿಗೆ.

"ಗಡಿಯಾರಕ್ಕೆ ಏನೂ ಆಗಿಲ್ಲ ಸಾರ್," ಎಂದಳು ಭೂತಗನ್ನಡಿ ಎಂಬ ಅಡ್ಡಹೆಸರಿನ, ತನಿಖೆಗೆ ಬಂದಿದ್ದ ಹೆಂಗಸು.

"ಇನ್ನೊಂದು ಸಲ ತಿರುಗಿಸಿ ನೋಡೋಣ."

"ಮೂರು ಸಲ ಆಯ್ತು. ಎಷ್ಟು ಸಲ ಕೇಳಿದ್ರೂ ಅದು ಅದೇ ಸಾಕ್ಷಿ ಹೇಳುತ್ತೆ. ಮನುಷ್ಯರ ಹಾಗಲ್ಲ."

ಕಾರ್ಯದರ್ಶಿಗಳು ನಗಲಿಲ್ಲ. ಮೇಲ್ಮನೆಯ ಕಾರ್ಯದರ್ಶಿಗಳು ನಗುವುದೇನಿದ್ದರೂ ಅಧಿವೇಶನ ಮುಗಿದ ಮೇಲೆ ಎಂಬ ಮಾತು ಆ ಕಟ್ಟಡದಲ್ಲಿತ್ತು.

ಊಟದ ಬಿಡುವು. ಸಭಾಂಗಣ ಖಾಲಿಯಾಗಿತ್ತು. ಪೀಠದ ಮುಂದಿನ ಉದ್ದ ಮೇಜಿನ ಮೇಲೆ ಎರಡು ಮರಳು ಗಡಿಯಾರಗಳು ಅವಳಿ ಮಕ್ಕಳ ಹಾಗೆ ಅಕ್ಕಪಕ್ಕ ನಿಂತಿದ್ದವು. ಇಲ್ಲಿನವರು ಅವನ್ನು ಬರೀ ಗಾಜು ಎನ್ನುತ್ತಾರೆ. ಮಸೂದೆಯೊಂದನ್ನು ಮತಕ್ಕೆ ಹಾಕಿದಾಗ ಕಟ್ಟಡದ ಮೂಲೆಮೂಲೆಯಲ್ಲೂ ಗಂಟೆ ಬಾರಿಸುತ್ತದೆ. ಅದೇ ಗಳಿಗೆಗೆ ಕಾರ್ಯದರ್ಶಿಗಳು ಗಾಜು ತಿರುಗಿಸುತ್ತಾರೆ. ಮರಳು ಇಳಿಯುವ ತನಕ ಬಾಗಿಲು ತೆರೆದಿರುತ್ತದೆ. ಇಳಿದ ಮೇಲೆ ಆಕಾಶವೇ ಕಳಚಿ ಬಿದ್ದರೂ ಎಣಿಕೆ ಮುಗಿಯುವವರೆಗೆ ತೆರೆಯುವುದಿಲ್ಲ. ಗೋಡೆಯ ಮೇಲೆ ಒಳ್ಳೆಯ ಗಡಿಯಾರವೇ ಇದೆ. ಆದರೆ ಗಡಿಯಾರ ಮುಂದಿದೆ, ಹಿಂದಿದೆ ಎಂದು ಜಗಳ ತೆಗೆಯಬಹುದು. ಮರಳಿನ ಜೊತೆ ಜಗಳವಾಡಿ ಗೆದ್ದವರಿಲ್ಲ.

ಕೆಂಪು ಪಟ್ಟಿ ಕಟ್ಟಿದ್ದು ದೊಡ್ಡ ಗಾಜು. ಅತಿ ದೂರದ ಓದುವ ಕೋಣೆಯಿಂದ ವಯಸ್ಸಾದವರೂ ನಡೆದು ಬರುವಷ್ಟು ಹೊತ್ತು ಅದರಲ್ಲಿದೆ. ಒಂದು ಮತದ ಬೆನ್ನಿಗೇ ಇನ್ನೊಂದು ಮತ ಬಂದರೆ ಎಲ್ಲರೂ ಒಳಗೇ ಇರುತ್ತಾರಲ್ಲ, ಆಗ ನೀಲಿ ಪಟ್ಟಿಯ ಚಿಕ್ಕ ಗಾಜು. ಅದರಲ್ಲಿ ಒಂದು ನಿಮಿಷ ಕಡಿಮೆ. ದೊಡ್ಡದು ಚಿಕ್ಕದು ಎನ್ನುವುದು ಹೊತ್ತಿನ ಲೆಕ್ಕಕ್ಕಷ್ಟೇ, ಎರಡರದೂ ಒಂದೇ ಮರ, ಒಂದೇ ಎತ್ತರ, ಮಾಡಿದ ಕೈಯೂ ಒಂದೇ. ಗುರುತು ಪಟ್ಟಿಯದಷ್ಟೇ.

ಭೂತಗನ್ನಡಿ ಈಗ ಎರಡನ್ನೂ ಒಟ್ಟಿಗೆ ತಿರುಗಿಸಿದಳು. ಇಬ್ಬರೂ ಕಾದರು. ಕೆಂಪು ಪಟ್ಟಿಯದು ಬರಿದಾದಾಗ ನೀಲಿ ಪಟ್ಟಿಯದರಲ್ಲಿ ಇನ್ನೂ ಮರಳು ಇಳಿಯುತ್ತಲೇ ಇತ್ತು.

"ಪಟ್ಟಿ ಬಿಚ್ಚಿ ಅದಲು ಬದಲು ಕಟ್ಟಿದ್ದಾರೆ," ಎಂದಳು. "ನಿನ್ನೆ ನೀವು ತಿರುಗಿಸಿದ್ದು ಚಿಕ್ಕ ಗಾಜು."

ಆ ಒಂದು ನಿಮಿಷಕ್ಕೆ ನಿನ್ನೆ ಕೆರೆ ಮಸೂದೆ ಬಿದ್ದುಹೋಗಿತ್ತು.

ನಗರಕ್ಕೆ ಕುಡಿಯುವ ನೀರು ಕೊಡುವ ಕೆರೆಯ ದಂಡೆಯನ್ನು ಮಾರಲು ದಾರಿ ಮಾಡಿಕೊಡುವ ಮಸೂದೆ ಅದು. ಪರವಾಗಿ ಮತ ಹಾಕಲೇಬೇಕು ಎಂದು ಆಡಳಿತ ಪಕ್ಷ ತನ್ನವರಿಗೆಲ್ಲ ವಿಪ್ ಕೊಟ್ಟಿತ್ತು. ಮೀರಿದವರ ಸದಸ್ಯತ್ವವೇ ಹೋಗುತ್ತಿತ್ತು. ಎಣಿಸಿದರೆ ಎರಡೂ ಕಡೆ ಸಮಸಮ. ಸಮ ಬಂದರೆ ಇದ್ದದ್ದು ಇದ್ದ ಹಾಗೇ ಇರಲಿ ಎನ್ನುವುದು ಆ ಮನೆಯ ಹಳೆಯ ಪದ್ಧತಿ. ಸಭಾಪತಿ ತಮ್ಮ ಮತವನ್ನು ಹಾಗೇ ಹಾಕಿದರು. ಆಡಳಿತ ಪಕ್ಷಕ್ಕೆ ಕಡಿಮೆ ಬಿದ್ದದ್ದು ಒಂದೇ ತಲೆ, ಆ ತಲೆ ಮುಚ್ಚಿದ ಬಾಗಿಲಿನ ಆಚೆ ಕೋಲೂರಿಕೊಂಡು ನಿಂತಿತ್ತು.

ಮನೆಯ ಎಲ್ಲರಿಗಿಂತ ಹಿರಿಯ ಸದಸ್ಯೆ ಅವರು. ಎರಡೂ ಪಕ್ಷದವರು ಅಜ್ಜಿ ಎಂದೇ ಕರೆಯುತ್ತಾರೆ. ಗದ್ದಲ ಅವರಿಗೆ ಆಗದು, ಹಾಗಾಗಿ ಮತದ ಗಂಟೆಯಾಗುವವರೆಗೆ ಓದುವ ಕೋಣೆಯಲ್ಲೇ ಕೂರುವುದು ರೂಢಿ. ನಿನ್ನೆ ಪಕ್ಷದ ಸಚೇತಕರು ಅವರ ಪಕ್ಕದಲ್ಲಿ ತಮ್ಮದೇ ಆಳನ್ನು ನಿಲ್ಲಿಸಿದ್ದರು. ಗಂಟೆ ಶುರುವಾದ ಕೂಡಲೇ ಹೊರಟೆವು, ಅಜ್ಜಿ ಎಲ್ಲೂ ನಿಲ್ಲಲಿಲ್ಲ, ನಾಲ್ಕು ಹೆಜ್ಜೆ ಜೋರಾಗೇ ಹಾಕಿದರು ಎಂದು ಆ ಆಳು ಆಣೆ ಮಾಡಿ ಹೇಳುತ್ತಾನೆ. ಆದರೂ ಅವರ ಮೂಗಿನ ಮುಂದೆ ಬಾಗಿಲು ಮುಚ್ಚಿತು.

ಮುಚ್ಚಿದವನು ಬಾಗಿಲ ಅಧಿಕಾರಿ. ಭೂತಗನ್ನಡಿಯ ಮೈದುನ.

"ನಿನ್ನೆ ಬೆಳಿಗ್ಗೆ ಒಂದು ಮತ ಆಗಿತ್ತಲ್ಲ ಸಾರ್?"

"ಆಗಿತ್ತು. ಅದಕ್ಕೆ ಅಜ್ಜಿ ಆರಾಮಾಗಿ ಬಂದು ಕೂತ್ರು. ಬಾಗಿಲು ಮುಚ್ಚೋಕೆ ಮೊದಲು ನನಗೆ ಒಂದು ಶುಂಠಿ ಮಿಠಾಯಿನೂ ಕೊಟ್ರು."

"ಅಂದ್ರೆ ಪಟ್ಟಿ ಬದಲಾಗಿದ್ದು ಊಟದ ಬಿಡುವಲ್ಲಿ. ಆಗ ಸಭಾಂಗಣಕ್ಕೆ ಬೀಗ. ಬೀಗದ ಕೈ ಯಾರ ಹತ್ರ?"

ಕಾರ್ಯದರ್ಶಿಗಳು ಅವಳ ಮುಖ ನೋಡಲಿಲ್ಲ. "ನಿಮ್ಮ ಮೈದುನನ ಹತ್ರ. ಅವನೊಬ್ಬನ ಹತ್ರ."

ಎದುರು ಪಕ್ಷದವರು ಅವನ ಕೈ ಬಿಸಿ ಮಾಡಿದ್ದಾರೆ, ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ಕ್ಯಾಂಟೀನಿನಲ್ಲಿ ಆಗಲೇ ತೀರ್ಪು ಬಂದಿತ್ತು. ಇವತ್ತು ನಾಲ್ಕು ಗಂಟೆಗೆ ಅವನು ಸಭೆಯ ಮುಂದೆ ಕಟಕಟೆಯಲ್ಲಿ ನಿಲ್ಲಬೇಕು. ತಪ್ಪಿತಸ್ಥ ಎಂದು ಸಭೆ ಹೇಳಿದರೆ ಕೆಲಸ ಹೋಗುತ್ತದೆ, ಅಲ್ಲಿಂದಲೇ ಜೈಲು. ಸಭಾಪತಿ ಬೆಳಿಗ್ಗೆ ಭೂತಗನ್ನಡಿಯನ್ನು ಕರೆಸಿದಾಗ ಅವಳೇ ಸಂಬಂಧದ ಮಾತು ತೆಗೆದಿದ್ದಳು. "ಗೊತ್ತಮ್ಮ," ಎಂದಿದ್ದರು ಅವರು. "ನಾನು ತಪ್ಪು ಮಾಡಿದ್ರೆ ಮೊದಲು ಹಿಡಿದುಕೊಡೋರು ನಮ್ಮ ಅತ್ತಿಗೆನೇ ಅಂತ ಅವನೇ ಹೇಳಿದ. ಅದಕ್ಕೇ ಕರೆಸಿದೆ."

ಪೊಲೀಸ್ ಕೆಲಸದಿಂದ ನಿವೃತ್ತಿಯಾದರೂ ಭೂತಗನ್ನಡಿ ಎಂಬ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವಳು ನೋಡಿದರೆ ಎದುರಿಗಿದ್ದವರಿಗೆ ತಮ್ಮ ಸಣ್ಣ ತಪ್ಪುಗಳೆಲ್ಲ ದೊಡ್ಡದಾಗಿ ಕಾಣುತ್ತಿದ್ದವು. ಈಗ ಅವಳು ಹಾಗೆ ನೋಡುತ್ತಿದ್ದದ್ದು ಮೇಲಕ್ಕೆ. ಪೀಠದ ಹಿಂದೆ, ಎತ್ತರದಲ್ಲಿ, ಅನುವಾದಕರು ಕೂರುವ, ಹೊರಗಿನಿಂದಲೇ ಬೇರೆ ಬಾಗಿಲಿರುವ ಗೂಡಿತ್ತು. ಅದರ ಕಿಟಕಿಯ ಮೇಲೆ ಯಾರದೋ ಎಣ್ಣೆಗೈಯ ಗುರುತು, ಅದರ ಮೇಲೊಂದು ಹಣೆಯ ಗುರುತು.

ಮೈದುನ ಬಾಗಿಲ ಬಳಿಯೇ ನಿಂತಿದ್ದ. ಆಪಾದನೆ ಬಂದವನು ಕೆಲಸಕ್ಕೆ ಬರದೆ ಮನೆಯಲ್ಲಿರಬಹುದು ಎಂದು ಹೇಳಿದ್ದರೂ ಬಂದಿದ್ದ. ಬೆಳಿಗ್ಗೆ ಓರಗಿತ್ತಿ ಫೋನ್ ಮಾಡಿ, "ಅಕ್ಕ, ಇವರು ಒಂದು ಮಾತೂ ಆಡದೆ ಸಮವಸ್ತ್ರಕ್ಕೆ ಎರಡೆರಡು ಸಲ ಇಸ್ತ್ರಿ ಹಾಕ್ತಿದ್ದಾರೆ, ನನಗೆ ಭಯ ಆಗ್ತಿದೆ," ಎಂದಿದ್ದಳು. ಆ ಇಸ್ತ್ರಿಯ ಗೆರೆಗಳು ಈಗ ಚಾಕುವಿನಷ್ಟು ಚೂಪಾಗಿ ಕಾಣುತ್ತಿದ್ದವು.

"ನಿನ್ನೆ ಮಧ್ಯಾಹ್ನ ಯಾರಿಗೆ ಬಾಗಿಲು ತೆಗೆದೆ?"

"ಅತ್ತಿಗೆ, ಅದೊಂದು ಕೇಳಬೇಡಿ."

"ಅದೊಂದನ್ನೇ ಕೇಳೋಕೆ ಬಂದಿರೋದು."

"ಒಬ್ಬರು ಕೇಳಿದ್ರು, ತೆಗೆದೆ. ಅವರು ತಪ್ಪು ಮಾಡೋ ಪೈಕಿ ಅಲ್ಲ. ಹೆಸರು ಹೇಳಿದ್ರೆ ಊರೆಲ್ಲ ಅವರ ಮೇಲೆ ಬೀಳುತ್ತೆ."

"ಗಾಜಿನ ಪಟ್ಟಿ ಬದಲಾಗಿದೆ ಕಣೋ. ನೀನು ಬಾಗಿಲು ತೆಗೆದವರೇ ಬದಲಾಯಿಸಿರೋದು."

ಅವನು ಥಟ್ಟನೆ ತಲೆಯೆತ್ತಿದ. ಆಮೇಲೆ ಬಾಗಿಲ ಹಿತ್ತಾಳೆ ಹಿಡಿಯನ್ನು ಅಂಗಿಯ ತೋಳಿನಿಂದ ಒರೆಸತೊಡಗಿದ. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

ಅವಳಿಗೆ ಅವನ ಈ ಚಾಳಿ ಹಳೆಯದು. ಅವಳು ಮದುವೆಯಾಗಿ ಬಂದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಪಕ್ಕದ ಮನೆಯ ಹುಡುಗಿ ಚೆಂಡೆಸೆದು ಕಿಟಕಿ ಒಡೆದಾಗ, ನಾನೇ ಎಂದು ಹೇಳಿ ಅಪ್ಪನ ಕೈಯಲ್ಲಿ ಏಟು ತಿಂದಿದ್ದ. ರಾತ್ರಿ ಬೆನ್ನಿಗೆ ಎಣ್ಣೆ ಹಚ್ಚುತ್ತಾ ಯಾಕೋ ಎಂದು ಕೇಳಿದರೆ, ಅವಳ ಮನೆಯಲ್ಲಿ ಇನ್ನೂ ಜೋರಾಗಿ ಹೊಡೀತಾರೆ ಅತ್ತಿಗೆ ಎಂದಿದ್ದ.

"ಆವಾಗ ಬೆನ್ನಿಗೆ ಬಿದ್ದಿತ್ತು," ಎಂದಳು. "ಈ ಸಲ ಹೊಟ್ಟೆಗೆ ಬೀಳುತ್ತೆ. ನಿನ್ನ ಹೆಂಡತಿ ಮಕ್ಕಳ ಹೊಟ್ಟೆಗೆ."

"ಗೊತ್ತು," ಎಂದ. ಬಿಡುವು ಮುಗಿದ ಗಂಟೆ ಬಾರಿಸಿತು. ಅವನು ಬಾಗಿಲು ತೆಗೆದು, ಒಳಗೆ ಹೋಗುವ ಸದಸ್ಯರಿಗೆ ಒಬ್ಬೊಬ್ಬರಿಗೂ ತಲೆಬಾಗಿಸಿದ. ಕೆಲವರು ಅವನ ಮುಖ ನೋಡದೆ ನಡೆದರು. ಅಜ್ಜಿ ಮಾತ್ರ ನಿಂತು, ಅವನ ತೋಳು ತಟ್ಟಿ, "ಮರಳು ಇಳಿದ ಮೇಲೆ ಬಾಗಿಲು ಹಾಕಿದ್ದು ಸರಿನಪ್ಪ. ನಾನಾದ್ರೇನು, ಯಾರಾದ್ರೇನು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಒಳಗೆ ಹೋದರು. ಇಷ್ಟು ದೊಡ್ಡ ಮನಸ್ಸಿನವರ ಮುಖಕ್ಕೆ ಬಾಗಿಲು ಹಾಕಿಸಿದ ಪಾಪಿ ಕೈಗೆ ಸಿಗಲಿ ಎಂದುಕೊಂಡಳು ಭೂತಗನ್ನಡಿ.

ಆ ಗೂಡಿನ ಅನುವಾದಕಿಗೆ ಬಿಡುವಾಗುವವರೆಗೆ ಅವಳು ಗ್ಯಾಲರಿಯಲ್ಲಿ ಕೂತು ಕಲಾಪ ನೋಡಿದಳು. ಮೇಲ್ಮನೆಯೆಂದರೆ ಅವಳ ಲೆಕ್ಕದಲ್ಲಿ ಟಿವಿಯಲ್ಲಿ ಕಾಣುವ ಕಿರುಚಾಟವಷ್ಟೇ ಆಗಿತ್ತು. ಮುದುಕರನ್ನು ಕೂರಿಸುವ ಬೆಚ್ಚನೆ ಜಾಗ ಎಂದು ಅವಳೂ ಹಾಸ್ಯ ಮಾಡಿದವಳೇ.

ಈಗ ನಡೆಯುತ್ತಿದ್ದದ್ದು ದೋಣಿ ಪ್ರಯಾಣದ ಒಂದು ಸಣ್ಣ ಮಸೂದೆ. ಕೆಳಮನೆ ಅವಸರದಲ್ಲಿ ಪಾಸು ಮಾಡಿ ಕಳಿಸಿದ್ದು. ಅರ್ಧ ಕುರ್ಚಿಗಳು ಖಾಲಿ, ಪತ್ರಕರ್ತರ ಸಾಲಿನಲ್ಲಿ ಒಬ್ಬರು ತೂಕಡಿಸುತ್ತಿದ್ದರು. ಎದುರು ಪಕ್ಷದ ಒಬ್ಬ ಸದಸ್ಯರು ಎದ್ದು ಒಂದು ಕಲಮನ್ನು ಓದಿದರು. ಪ್ರತಿ ಪ್ರಯಾಣಿಕನಿಗೂ ತೇಲುವ ಅಂಗಿ ಕೊಡಬೇಕು ಎಂದಿದೆಯಲ್ಲ, ದೋಣಿ ನಡೆಸುವವನು ಪ್ರಯಾಣಿಕನಲ್ಲ, ಅವನು ಮುಳುಗಬಹುದೇ ಎಂದು ಕೇಳಿದರು. ಮಂತ್ರಿಗಳು ಕಾಗದ ನೋಡಿದರು, ಮತ್ತೆ ನೋಡಿದರು. "ಗೌರವಾನ್ವಿತ ಸದಸ್ಯರು ಹೇಳೋದು ಸರಿ. ನಮಗೆ ಹೊಳೆದಿರಲಿಲ್ಲ," ಎಂದು ಕೂತರು. ಸಭಾಪತಿ ಕೇಳಿದರು, ಎರಡೂ ಕಡೆಯವರು ಹೌದೆಂದರು, ತಿದ್ದುಪಡಿ ಸೇರಿತು. ಮುಂದಿನ ಕಲಮು.

ಎಲ್ಲೋ ಒಂದು ಹೊಳೆಯಲ್ಲಿ ಎಂದೋ ಒಂದು ದಿನ ಒಬ್ಬ ಅಂಬಿಗ ಬದುಕಿಕೊಳ್ಳುತ್ತಾನೆ, ಯಾರಿಂದ ಎಂದು ಅವನಿಗೆ ಗೊತ್ತೇ ಆಗುವುದಿಲ್ಲ. ಭೂತಗನ್ನಡಿ ತಾನು ಮಾಡಿದ್ದ ಹಾಸ್ಯಗಳನ್ನೆಲ್ಲ ಮನಸ್ಸಿನಲ್ಲೇ ವಾಪಸು ತೆಗೆದುಕೊಂಡಳು. ತನ್ನ ಮೈದುನ ಈ ಬಾಗಿಲನ್ನು ಯಾಕೆ ಅಷ್ಟು ಉಜ್ಜುತ್ತಾನೆ ಎಂಬುದು ಅವಳಿಗೆ ಈಗ ಅರ್ಥವಾಯಿತು.

ಅನುವಾದಕಿ ಗೂಡಿನಿಂದ ಗಂಟಲು ಸವರಿಕೊಳ್ಳುತ್ತಾ ಹೊರಬಂದಳು. ಇಷ್ಟು ಹೊತ್ತು ಮಂತ್ರಿಯ ವಿನಯವನ್ನೂ ಸದಸ್ಯರ ವ್ಯಂಗ್ಯವನ್ನೂ ಒಂದೇ ಬಾಯಲ್ಲಿ ಆಡಿ ದಣಿದಿದ್ದಳು.

"ನಿನ್ನೆ ಮಧ್ಯಾಹ್ನ ಒಳಗೆ ಕೂತು ಏನು ತಿಂದ್ರಿ?" ಎಂದು ಕೇಳಿದಳು ಭೂತಗನ್ನಡಿ.

"ಯಾರು ಹೇಳಿದ್ರು?"

"ನಿಮ್ಮ ಕಿಟಕಿ."

ಅನುವಾದಕಿ ತುಟಿ ಕಚ್ಚಿಕೊಂಡಳು. "ಕರಿದ ಆಲೂಗಡ್ಡೆ. ಯಂತ್ರಗಳ ಹತ್ರ ತಿನ್ನೋ ಹಾಗಿಲ್ಲ ಮೇಡಂ, ಗೊತ್ತು. ಆದ್ರೆ ಕ್ಯಾಂಟೀನಲ್ಲಿ ಎಲ್ಲ ಕೆರೆ ಮಸೂದೆ ಬಗ್ಗೆನೇ ಕೂಗಾಡ್ತಿದ್ರು. ಬೆಳಿಗ್ಗೆಯಿಂದ ಅದನ್ನ ಎರಡು ಭಾಷೇಲಿ ಕೇಳಿದ್ದೆ. ಊಟಕ್ಕೂ ಅದೇ ಬೇಡ ಅನ್ನಿಸ್ತು."

"ನಿಮ್ಮ ಡಬ್ಬಿಯ ವಿಚಾರಣೆ ನನಗೆ ಬೇಡ. ಬಗ್ಗಿ ಏನು ನೋಡಿದ್ರಿ, ಅದನ್ನ ಹೇಳಿ."

"ದೀಪ ಆರಿಸಿತ್ತು. ಪೀಠದ ಹಿಂದಿನ ಸಣ್ಣ ಬಾಗಿಲಿಂದ ಒಬ್ಬರು ಬಂದ್ರು. ನನಗೆ ಕಂಡಿದ್ದು ಬೆನ್ನು ಮಾತ್ರ. ತಲೆ ಮೇಲಿಂದ ಕಪ್ಪು ಶಾಲು, ಚಳಿ ಅಂತ ಇಲ್ಲಿ ಎಲ್ಲ ಸದಸ್ಯರಿಗೂ ಕೊಡ್ತಾರಲ್ಲ, ಅದು. ಪೀಠದ ಮುಂದೆ ನಿಂತ್ರು. ಆಮೇಲೆ ಕತ್ತಲಲ್ಲಿ ಮೇಜಿನ ಅಂಚು ಸವರಿಕೊಂಡು ಕೆಳಗಿಳಿದು ಹೋಗಿ, ಗಾಜಿನ ಹತ್ರ ಬಗ್ಗಿ ಏನೋ ಮಾಡಿದ್ರು. ಸ್ವಚ್ಛ ಮಾಡ್ತಿದ್ದಾರೆ ಅಂದುಕೊಂಡೆ."

"ಕಳ್ಳನಿಗೆ ಯಾಕೆ ಅಷ್ಟು ಮರ್ಯಾದೆ ಕೊಟ್ಟು ಮಾತಾಡ್ತೀರಿ? ಬಂದ್ರು, ಹೋದ್ರು ಅಂತ?"

ಅನುವಾದಕಿ ತನ್ನ ಗೂಡಿನ ಕಡೆ ತಿರುಗಿ ನೋಡಿದಳು. "ಪೀಠದ ಮುಂದೆ ನಿಂತಾಗ ಅವರು ತಲೆಬಾಗಿಸಿದ್ರು ಮೇಡಂ. ಎಡಕ್ಕೊಂದು ಸಲ, ಬಲಕ್ಕೊಂದು ಸಲ, ಆಮೇಲೆ ನೇರಕ್ಕೆ. ಒಂದು ನರಪಿಳ್ಳೆ ಇರಲಿಲ್ಲ ಅಲ್ಲಿ. ಬರೀ ಕುರ್ಚಿಗಳು. ಹಾಗೆ ತಲೆಬಾಗಿಸಿದವರನ್ನ ಬಂದ, ಹೋದ ಅನ್ನೋಕೆ ನಾಲಿಗೆ ಏಳಲ್ಲ."

ಭೂತಗನ್ನಡಿಯ ಕನ್ನಡಕ ಮೂಗಿನ ತುದಿಗೆ ಇಳಿಯಿತು.

ಒಳಗೆ ಬರುವಾಗ ಸದಸ್ಯರು, ನೌಕರರು, ಎಲ್ಲರೂ ಪೀಠದ ಕಡೆಗೆ ತಲೆಬಾಗಿಸುತ್ತಾರೆ. ಬೆಳಿಗ್ಗೆಯಿಂದ ಅವಳು ನೋಡಿದ್ದು ಅದನ್ನೇ. ಪೀಠದ ಕಡೆಯಿಂದ ಸಭೆಗೆ, ಅದೂ ಮೂರು ದಿಕ್ಕಿಗೆ ತಲೆಬಾಗಿಸುವವರು ಯಾರು? ಪೀಠದಲ್ಲಿ ಕೂರುವವರು. ವರ್ಷಗಟ್ಟಲೆ ಮಾಡಿದ್ದು ಮೈಗೆ ಹತ್ತಿಬಿಟ್ಟಿದೆ. ಮೋಸ ಮಾಡಲು ಬಂದಾಗಲೂ, ಕತ್ತಲಲ್ಲೂ, ಬೆನ್ನು ತಾನಾಗಿ ಬಾಗಿದೆ. ಬೇರೆ ಯಾವ ಕಳ್ಳನೂ ಮಾಡದ ತಪ್ಪು ಅದು. ಕಳ್ಳತನ ಹಿಡಿದ ಸಂತೋಷದಲ್ಲೂ ಅವಳಿಗೆ ಆ ಬೆನ್ನಿನ ಮೇಲೆ ಗೌರವ ಬಂತು, ಅದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು.

ಪೀಠದಲ್ಲಿ ಕೂರುವವರು ಇಬ್ಬರು. ಸಭಾಪತಿ ನಿನ್ನೆ ಹೊರಗಿನ ಅತಿಥಿಗಳ ಜೊತೆ ಊಟಕ್ಕೆ ಕೂತಿದ್ದರು. ಇಡೀ ಪಂಕ್ತಿಯೇ ಸಾಕ್ಷಿ. ಉಳಿದವರು ಉಪಸಭಾಪತಿ. ಆ ಹುದ್ದೆಯನ್ನು ಎದುರು ಪಕ್ಷಕ್ಕೇ ಬಿಟ್ಟುಕೊಡುವುದು ಈ ಮನೆಯ ದೊಡ್ಡತನ. ಕೆರೆ ಮಸೂದೆ ಬೀಳಲಿ ಎಂದು ಹಗಲೂ ರಾತ್ರಿ ದುಡಿದವರು ಅವರು.

ಉಪಸಭಾಪತಿಗಳು ತಮ್ಮ ಕೋಣೆಯಲ್ಲಿ ಬೂಟು ಬಿಚ್ಚಿ, ಕಾಲು ಚಾಚಿ, ದೋಣಿ ಮಸೂದೆ ಓದುತ್ತಿದ್ದರು.

"ನಿನ್ನೆ ಊಟದ ಬಿಡುವಲ್ಲಿ ಎಲ್ಲಿದ್ರಿ ಸಾರ್?"

"ಈ ಸೋಫಾ ಮೇಲೆ. ನಿದ್ದೆ."

"ಸಾಕ್ಷಿ?"

"ನನ್ನ ಗೊರಕೆ. ಪಕ್ಕದ ಕೋಣೆಯವರು ದಿನಾ ಗೋಡೆ ಬಡೀತಾರೆ, ಕೇಳಿ ನೋಡಿ."

"ಮಸೂದೆ ಬಿದ್ದಿದ್ದು ನಿಮಗೆ ಸಂತೋಷ ತಾನೇ?"

"ಎರಡು ತುತ್ತು ಜಾಸ್ತಿ ಊಟ ಮಾಡಿದೆ. ಅದು ಅಪರಾಧ ಆದ್ರೆ ಹಿಡ್ಕೊಂಡು ಹೋಗಿ."

ಭೂತಗನ್ನಡಿ ಕೂರಲಿಲ್ಲ. ಪಟ್ಟಿ ಬದಲಾದದ್ದು, ಶಾಲು, ಸಣ್ಣ ಬಾಗಿಲು, ಒಂದೊಂದಾಗಿ ಹೇಳಿದಳು. "ಬಂದವರು ಖಾಲಿ ಸಭೆಗೆ ಮೂರು ಕಡೆ ತಲೆಬಾಗಿಸಿದ್ರು. ಅದು ಪೀಠದಲ್ಲಿ ಕೂರೋರ ಅಭ್ಯಾಸ. ಸಭಾಪತಿ ಊಟದಲ್ಲಿದ್ರು. ನನಗೆ ಲೆಕ್ಕ ಬರೋದು ಇಷ್ಟೇ ಸಾರ್, ಎರಡರಲ್ಲಿ ಒಂದು ಕಳೆದ್ರೆ ಒಂದು."

ಅವರ ಮುಖದ ನಗು ಆರಿತು. "ಕುಂಬಳಕಾಯಿ ಕಳ್ಳ ಅಂದ ಕೂಡಲೇ ನಾನು ಹೆಗಲು ಮುಟ್ಟಿ ನೋಡ್ಕೋಬೇಕಾ?"

"ಮುಟ್ಟಿ ನೋಡ್ಕೊಂಡ್ರೆ ನನಗೆ ಕೆಲಸ ಸುಲಭ."

ಅವರು ಎದ್ದು ನಿಂತರು. ಬೂಟಿಲ್ಲದೆ ನಿಂತರೂ ಎತ್ತರದ ಆಳು. "ನೋಡಮ್ಮ. ಮೂವತ್ತು ವರ್ಷ ಈ ಮನೆಯಲ್ಲಿ ಸೋತಿದ್ದೀನಿ. ಮಾತಾಡಿ ಸೋತಿದ್ದೀನಿ, ಎಣಿಸಿಕೊಂಡು ಸೋತಿದ್ದೀನಿ, ಸೋತು ಎದುರಿನವರ ಜೊತೆ ಕಾಫಿ ಕುಡಿದಿದ್ದೀನಿ. ಒಂದು ದಿನ ಕದ್ದು ಗೆದ್ದರೆ ಆ ಗೆಲುವನ್ನ ಎಲ್ಲಿ ಇಟ್ಕೊಳ್ಳಲಿ ನಾನು?"

ಸುಳ್ಳು ಹೇಳುವವರ ದನಿ ಅವಳಿಗೆ ಗೊತ್ತು. ಇದು ಅದಲ್ಲ. ಆದರೂ ಪಟ್ಟು ಬಿಡಲಿಲ್ಲ. "ಹಾಗಾದ್ರೆ ಆ ಬೆನ್ನು ಯಾರದು?"

"ಬೆನ್ನು ಬಾಗಿಸೋದು ಯಾರು ಬೇಕಾದ್ರೂ ಕಲಿಯಬಹುದು. ದಿನಾ ನೋಡ್ತಾರಲ್ಲ. ಹೀಗೆ." ಅವರು ಕೋಣೆಯ ನಡುವೆ ನೆಟ್ಟಗೆ ನಿಂತು ಬಲಕ್ಕಿದ್ದ ಪುಸ್ತಕದ ಕಪಾಟಿಗೆ, ಎಡಕ್ಕಿದ್ದ ಸೋಫಾಕ್ಕೆ, ಕೊನೆಗೆ ಎದುರಿನ ಕಿಟಕಿಗೆ ತಲೆಬಾಗಿಸಿದರು. "ಮೊದಲು ಬಲಕ್ಕೆ, ಆಡಳಿತ ಪಕ್ಷ. ಆಮೇಲೆ ಎಡಕ್ಕೆ, ನಾವು. ಆಮೇಲೆ ನಡುವೆ."

"ಅವರು ಮೊದಲು ಎಡಕ್ಕೆ ಬಾಗಿಸಿದ್ರಂತೆ."

ಉಪಸಭಾಪತಿಗಳು ಸೋಫಾದ ಅಂಚಿಗೆ ಕೈ ಊರಿ ನಿಧಾನವಾಗಿ ಕೂತರು.

"ಎಡಕ್ಕೆ ಅಂತ ಸರಿಯಾಗಿ ನೋಡಿದ್ದಾರಾ?"

"ನೋಡೋದು, ಕೇಳೋದೇ ಅವರ ಕೆಲಸ ಸಾರ್."

ಅವರು ಬೂಟು ಹಾಕಿಕೊಳ್ಳತೊಡಗಿದರು. ಬಹಳ ಹೊತ್ತು ಒಂದೇ ಲೇಸಿನ ಜೊತೆ ಗುದ್ದಾಡಿದರು. ಮಾತಾಡಿದಾಗ ದನಿ ಮೆತ್ತಗಾಗಿತ್ತು.

"ನಾನು ಹೊಸದಾಗಿ ಬಂದಾಗಿನ ಮಾತು. ಆಗಿನ ಸಭಾಪತಿ ಕಾಯಿಲೆ ಬಿದ್ರು. ಒಂದು ಅಧಿವೇಶನ ಪೂರ್ತಿ ಬೇರೊಬ್ಬರು ಪೀಠ ನಡೆಸಿದ್ರು. ಅವರು ದಿನಾ ಮೊದಲು ತಲೆಬಾಗಿಸ್ತಿದ್ದದ್ದು ನಮ್ಮ ಕಡೆಗೆ. ಯಾಕೆ ಹೀಗೆ ಅಂತ ಕೇಳಿದೆ. ನಮ್ಮೋರು ಹೇಗಿದ್ರೂ ನಮ್ಮೋರೇ, ಮೊದಲು ಕೇಳಿಸಿಕೊಳ್ಳಬೇಕಾದ್ದು ಎದುರಿಗಿರೋರ ಮಾತನ್ನ ಅಂದ್ರು. ಈ ಮನೆಯಲ್ಲಿ ನಾನು ಏನಾದ್ರೂ ಕಲಿತಿದ್ರೆ ಆ ಒಂದು ಮಾತಿಂದ ಕಲಿತೆ. ಅವರಿಗೆ ಮುಂಚೆ ಯಾರೂ ಹಾಗೆ ಮಾಡಿರಲಿಲ್ಲ, ಆಮೇಲೂ ಯಾರೂ ಮಾಡಲಿಲ್ಲ."

"ಯಾರು ಸಾರ್ ಅವರು?"

"ಕೆರೆ ದಂಡೆಯ ಒಂದು ಹಿಡಿ ಮಣ್ಣನ್ನೂ ಮಾರೋ ಹಾಗಿಲ್ಲ ಅಂತ ಕಾನೂನಿದೆಯಲ್ಲ, ಅದು ಆದದ್ದು ಅದೇ ಅಧಿವೇಶನದಲ್ಲಿ. ಎರಡೂ ಕಡೆಯವರನ್ನ ಕೂರಿಸಿ ಒಪ್ಪಿಸಿದ್ದು ಅವರೇ. ನಿನ್ನೆಯ ಮಸೂದೆ ಅಳಿಸೋಕೆ ಹೊರಟಿದ್ದು ಅದನ್ನೇ."

ನಾಲ್ಕರ ಗಂಟೆ ಬಾರಿಸಿತು. ಅವರು ಎದ್ದರು.

"ಹೆಸರು ನನ್ನ ಬಾಯಿಂದ ಬರಲ್ಲಮ್ಮ. ನಿನ್ನೆ ಮತ ಹಾಕಿದವರು ಸಭಾಪತಿ, ಎದುರು ಪಕ್ಷದವನು ನಾನು. ನಿಮ್ಮ ಮೈದುನನ ವಿಚಾರಣೆಗೆ ನಾವಿಬ್ಬರೂ ಪೀಠದಲ್ಲಿ ಕೂರಬಾರದು ಅಂತ ತೀರ್ಮಾನ ಆಗಿದೆ. ಎರಡೂ ಕಡೆಯವರು ಕಣ್ಣು ಮುಚ್ಚಿ ಒಪ್ಪೋರು ಒಬ್ಬರೇ ಇದ್ದಾರೆ, ಅವರನ್ನ ಕೂರಿಸ್ತಿದ್ದೀವಿ. ಹೋಗಿ ಗ್ಯಾಲರಿಯಿಂದ ನೋಡಿ."

ಭೂತಗನ್ನಡಿ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು.

ಈಗ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಬಾಗಿಲ ಪಕ್ಕದ ಹಿತ್ತಾಳೆ ಕಟಕಟೆಯ ಹಿಂದೆ ಮೈದುನ ಕೈ ಕಟ್ಟಿ ನಿಂತಿದ್ದ. ಗ್ಯಾಲರಿಯ ಕಾವಲಿನವಳು ಅವಳ ಕಿವಿಯಲ್ಲಿ, "ಇಲ್ಲಿಂದ ಒಂದು ಮಾತಾಡಿದ್ರೂ ಹೊರಗೆ ಹಾಕ್ತೀನಿ ಮೇಡಂ, ನಿಯಮ," ಎಂದಳು.

ಪೀಠದ ಹಿಂದಿನ ಸಣ್ಣ ಬಾಗಿಲು ತೆರೆಯಿತು. ಸಭೆ ಎದ್ದು ನಿಂತಿತು.

ಬಂದವರು ಅಜ್ಜಿ. ಹೆಗಲ ಮೇಲೆ ಕಪ್ಪು ಶಾಲು. ಕೋಲನ್ನು ಬಾಗಿಲಿಗೇ ಒರಗಿಸಿಟ್ಟು, ಪಕ್ಕದ ಮರದ ಅಂಚನ್ನು ಅಂಗೈಯಿಂದ ಸವರಿಕೊಂಡು ಪೀಠದ ಮುಂದೆ ಬಂದು ನಿಂತರು. ಎಡಕ್ಕೆ ತಲೆಬಾಗಿಸಿದರು. ಬಲಕ್ಕೆ ಬಾಗಿಸಿದರು. ಆಮೇಲೆ ನೇರಕ್ಕೆ.

ಭೂತಗನ್ನಡಿ ಗ್ಯಾಲರಿಯ ಕಟ್ಟೆ ಹಿಡಿದುಕೊಂಡಳು. ಕತ್ತಲಲ್ಲಿ ಮೇಜಿನ ಅಂಚು ಸವರಿದ್ದು ದೀಪವಿಲ್ಲದ್ದಕ್ಕಲ್ಲ, ಕೋಲಿಲ್ಲದ್ದಕ್ಕೆ. ಬಾಗಿಲು ಮುಚ್ಚಿಸಿಕೊಂಡವರೇ ಮುಚ್ಚಿಸಿದವರು. ತಾನು ಕಟ್ಟಿದ ಕಾನೂನನ್ನು ತನ್ನ ಕೈಯಿಂದಲೇ ಕೆಡವು ಎಂದು ಪಕ್ಷ ಹೇಳಿತ್ತು. ಇಲ್ಲವೆಂದರೆ ಸದಸ್ಯತ್ವ ಹೋಗುತ್ತಿತ್ತು, ತಡ ಮಾಡೋಣವೆಂದರೆ ಪಕ್ಕದಲ್ಲೇ ಆಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬರಬೇಕಾದ ಹೊತ್ತಿಗೇ ಬಂದು ಹೊರಗೆ ಉಳಿಯಬೇಕು. ಅದಕ್ಕೆ ಇದ್ದದ್ದು ಒಂದೇ ದಾರಿ, ಮರಳು. ಹೊಡೆತ ಬಾಗಿಲು ಹಾಕಿದವನ ಮೇಲೆ ಬೀಳುತ್ತದೆ ಎಂದು ಮಾತ್ರ ಅವರಿಗೆ ಹೊಳೆದಿರಲಿಲ್ಲ.

ಈಗ ಅವಳ ಬಾಯಲ್ಲಿ ಹೆಸರಿತ್ತು. ಹೇಳಿದರೆ ಮೈದುನ ಉಳಿಯುತ್ತಾನೆ. ಅಜ್ಜಿ ಹೋಗುತ್ತಾರೆ, ಅವರ ಜಾಗಕ್ಕೆ ಪಕ್ಷ ಹೇಳಿದಂತೆ ಮತ ಹಾಕುವವರು ಬಂದು ಕೆರೆಯೂ ಹೋಗುತ್ತದೆ.

ಸಚೇತಕರು ಆರೋಪ ಓದಿ ಮುಗಿಸಿದರು. ಅಜ್ಜಿ ಕಟಕಟೆಯ ಕಡೆಗೆ ತಿರುಗಿದರು. ಅವರ ದನಿ ಮೊದಲ ಸಲ ನಡುಗಿದ್ದು ಎಲ್ಲರಿಗೂ ಕೇಳಿಸಿತು.

"ಬಾಗಿಲ ಅಧಿಕಾರಿಗಳೇ, ನಿಮ್ಮ ಪರವಾಗಿ ಹೇಳುವುದು ಏನಾದರೂ ಇದೆಯೆ?"

ಮೈದುನ ತಲೆಯೆತ್ತಿ ಗ್ಯಾಲರಿಯಲ್ಲಿ ಅತ್ತಿಗೆಯನ್ನು ಹುಡುಕಿದ. ಅವಳ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಗಿದೆ ಎಂದು ಅವನಿಗೂ ಗೊತ್ತಾಯಿತು. ಬೇಡ ಎಂದು ಸಣ್ಣಗೆ ತಲೆಯಾಡಿಸಿದ. ಕಿಟಕಿ ಒಡೆದ ದಿನ ಅಪ್ಪನ ಬೆನ್ನ ಹಿಂದಿನಿಂದ ಅವಳಿಗೆ ಹೀಗೇ ತಲೆಯಾಡಿಸಿದ್ದ.

"ಇದೆ," ಎಂದ. "ಗಾಜಿನ ಪಟ್ಟಿ ಬದಲಾಯಿಸಿದ್ದು ನಾನು. ನಾನೊಬ್ಬನೇ."

ಸಭೆ ಒಮ್ಮೆಗೇ ಕೂಗಿತು. ಅಜ್ಜಿಯ ಕೈ ಸುಮ್ಮನಿರಿ ಎಂದು ಬಾರಿಸುವ ಗಂಟೆಯನ್ನು ಎತ್ತಿತು, ಬಾರಿಸದೆ ಮೇಜಿನ ಮೇಲಿಟ್ಟಿತು. ಅವರು ಕುರ್ಚಿಯ ಎರಡೂ ತೋಳುಗಳನ್ನು ಹಿಡಿದು ಎದ್ದು ನಿಂತರು. ಪೀಠದಲ್ಲಿರುವವರು ಎದ್ದು ನಿಂತರೆ ಇಡೀ ಮನೆ ಬಾಯಿ ಮುಚ್ಚಿ ಕೂರಬೇಕು, ಅವರು ಆಡುವ ಮಾತು ಅಕ್ಷರ ಬಿಡದೆ ದಾಖಲಾಗಬೇಕು. ಮನೆ ಕೂತಿತು. ಶೀಘ್ರಲಿಪಿಯವರು ಪೆನ್ನು ಎತ್ತಿಕೊಂಡರು.

ಅಜ್ಜಿ ಒಮ್ಮೆ ಗ್ಯಾಲರಿಯನ್ನು ನೋಡಿ, ಮೊದಲು ಎಡಕ್ಕೆ ತಿರುಗಿದರು.